ಸಿಂಗಾಪುರದ ಗಡಿಯಾರ

ಬೈರಾಪಟ್ಟಣದ ಅಭಿಮಾನಿಯೊಬ್ಬರ ಪತ್ರ: ‘ಅಣ್ಣ ಕೆಲಸಕ್ಕೆ ಸಿಂಗಾಪುರಕ್ಕೆ ಹೊರಟಿದ್ದಾನೆ, ಕೊಲಂಬೊ ಮೇಲೆ. ಅಲ್ಲಿ ರಾತ್ರಿ 1ಕ್ಕೆ ಹತ್ತಿದ್ರೆ ಬೆಳಿಗ್ಗೆ 7.30ಕ್ಕೆ ಇಳಿಯೋದಂತೆ. ಆರೂವರೆ ಗಂಟೆ ಬರೀ ಸಮುದ್ರದ ಮೇಲೆ! ಅವ್ವ ಊಟ ಬಿಟ್ಟಿದ್ದಾಳೆ. ಏನ್ ಹೇಳ್ಲಿ ಸಾರ್?’

ಮೊದಲು ಅವ್ವನಿಗೆ ಮುದ್ದೆ ಬಡಿಸಪ್ಪ! ಆ ದ್ವೀಪದಿಂದ ಈ ದ್ವೀಪಕ್ಕೆ ಸುಮಾರು 2,700 ಕಿಲೋಮೀಟರು. ವಿಮಾನಕ್ಕೆ ನಾಲ್ಕು ಗಂಟೆ ದಾರಿ, ಅಷ್ಟೆ. ಮಿಕ್ಕ ಎರಡೂವರೆ ಗಂಟೆ ಗಡಿಯಾರದ ಕೈಚಳಕ. ಕೊಲಂಬೊದಲ್ಲಿ ನಮ್ಮದೇ ಟೈಮು, ಸಿಂಗಾಪುರದ್ದು ಎರಡೂವರೆ ಗಂಟೆ ಮುಂದೆ. ಅಣ್ಣ ಇಳಿದಾಗ ನಿಮ್ಮೂರಲ್ಲಿ ಬೆಳಗಿನ ಜಾವ 5, ಕೋಳಿ ಕೂಗೋ ಹೊತ್ತು.

1978ರಲ್ಲಿ ತೆರೆಗೆ ಬಂದ ‘ಸಿಂಗಾಪೂರ್‌ನಲ್ಲಿ ರಾಜಾ ಕುಳ್ಳ’ ನೆನಪಿದೆಯಾ? ಕನ್ನಡ ಚಿತ್ರವೊಂದು ಮೊದಲ ಸಲ ವಿದೇಶದಲ್ಲಿ ಶೂಟಿಂಗ್ ಮಾಡಿದ್ದು ಅದೇ. ವಿಷ್ಣು, ದ್ವಾರಕೀಶ್ ಹೋದಾಗ ವ್ಯತ್ಯಾಸ ಬರೀ ಎರಡು ಗಂಟೆ! 1982ರ ಜನವರಿ 1ರಂದು ಸಿಂಗಾಪುರದವರು ಗಡಿಯಾರವನ್ನು ಇನ್ನರ್ಧ ಗಂಟೆ ಮುಂದೆ ತಿರುಗಿಸಿಬಿಟ್ಟರು.

ಐದಾಯ್ತು ಅಂತ ಫೋನ್ ಹಿಡ್ಕೊಂಡು ಕೂತ್ಕೋಬೇಡ. ಪಾಸ್‌ಪೋರ್ಟ್ ತೋರಿಸಿ, ಪೆಟ್ಟಿಗೆ ಎತ್ಕೊಂಡು ಅಣ್ಣ ಹೊರಗೆ ಬರಲಿ. ಅವ್ವನಿಗೆ ಆರು ಅಂತ್ಲೇ ಹೇಳು.