ಪಂಪ್‌ಸೆಟ್ಟಿನ ಅರ್ಥಿಂಗ್ ಮತ್ತು ನಮ್ಮ ಮಣ್ಣು

ಬೇಸಾಯಶಾಸ್ತ್ರದವನಿಗೆ ಕರೆಂಟಿನ ಉಸಾಬರಿ ಏಕೆ ಎಂದು ಕೆಲವರು ಕೇಳಬಹುದು. ಅರ್ಥಿಂಗ್ ಎಂಬುದು ಅರ್ಧ ವಿದ್ಯುತ್ತಿನ ವಿಷಯವಾದರೆ ಇನ್ನರ್ಧ ಮಣ್ಣಿನ ವಿಷಯ. ಆದ್ದರಿಂದ ರೈತ ಬಾಂಧವರಿಗೆ ನಾಲ್ಕು ಮಾತು ಹೇಳಬಯಸುತ್ತೇನೆ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಹೊಲಗಳಿಗೆ ಟಿ.ಸಿ.ಯಿಂದ ಬರುವ ಮೂರು ಫೇಸ್ ಕರೆಂಟಿನಲ್ಲಿ ಎರಡು ಫೇಸುಗಳ ನಡುವೆ ಸುಮಾರು 415 ವೋಲ್ಟ್, ಒಂದು ಫೇಸಿಗೂ ನ್ಯೂಟ್ರಲ್ಲಿಗೂ ನಡುವೆ ಸುಮಾರು 240 ವೋಲ್ಟ್ ಇರುತ್ತದೆ. ಮೂರು ಫೇಸಿನ ಮೋಟಾರಿಗೆ ನ್ಯೂಟ್ರಲ್ ಬೇಕಿಲ್ಲ. ಪಂಪಿನ ಮನೆಯ ಬಲ್ಬಿಗೆ ಬೇಕು. ತೊಂದರೆ ಹುಟ್ಟುವುದು ಇಲ್ಲಿಯೇ. ನ್ಯೂಟ್ರಲ್ ತಂತಿ ಎಳೆಯುವ ಖರ್ಚು ಉಳಿಸಲು ಬಲ್ಬಿನ ಒಂದು ತುದಿಯನ್ನು ಅರ್ಥ್ ತಂತಿಗೇ ಸುತ್ತಿಬಿಡುತ್ತಾರೆ. ಟಿ.ಸಿ.ಯಲ್ಲಿ ನ್ಯೂಟ್ರಲ್ಲನ್ನು ಭೂಮಿಗೆ ಜೋಡಿಸಿರುವುದರಿಂದ ಬಲ್ಬು ಉರಿಯುತ್ತದೆ, ನಿಜ. ಆದರೆ ಗುಂಡಿಗೆ ಹೋಗುವ ತಂತಿ ತುಕ್ಕು ತಿಂದು ಕಡಿದರೆ, ಬಲ್ಬಿನ ಮೂಲಕ ಬಂದ ಕರೆಂಟು ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಕಾದು ಕುಳಿತಿರುತ್ತದೆ. ಬಲ್ಬು ಆರಿದೆಯೆಂದು ಹಸಿಗಾಲಲ್ಲಿ ಪೆಟ್ಟಿಗೆ ಮುಟ್ಟಿದವನ ಮೈಯಲ್ಲಿ, ಅದು ಹಳೆಯ 100 ವಾಟಿನ ಬಲ್ಬಾಗಿದ್ದರೆ, 150 ಮಿಲಿ ಆಂಪಿಯರ್‌ವರೆಗೆ ಹರಿಯಬಹುದು. ಪ್ರಾಣ ಹೋಗಲು ಅಷ್ಟು ಸಾಕು. ಫ್ಯೂಸಿಗೆ ಅದು ಗೊತ್ತೇ ಆಗುವುದಿಲ್ಲ.

ಮೋಟಾರಿನ ಮೈಯನ್ನು ನ್ಯೂಟ್ರಲ್ಲಿಗೆ ಕಟ್ಟುವುದೂ ಅಷ್ಟೇ ತಪ್ಪು. ಕಂಬದ ಮೇಲೆ ನ್ಯೂಟ್ರಲ್ ಹರಿದ ದಿನ ಆ ಮೈ ಫೇಸಿನಂತೆಯೇ ಹೊಡೆಯುತ್ತದೆ.

ಇನ್ನು ಮಣ್ಣಿನ ಮಾತು. ಎರೆಮಣ್ಣು ಹಸಿಯಿದ್ದಾಗ ಕರೆಂಟನ್ನು ಚೆನ್ನಾಗಿ ಒಯ್ಯುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಅರ್ಥ್ ಕೊಳವೆಯಿಂದ ಸರಿದು ನಿಲ್ಲುತ್ತದೆ. ಆಗ ವಾರಕ್ಕೊಮ್ಮೆಯಾದರೂ ಗುಂಡಿಗೆ ಎರಡು ಕೊಡ ನೀರು ಹಾಕಬೇಕು. ಕಿತ್ತೂರು ಕಡೆಯ ಮಸಾರಿಯಲ್ಲಿ, ರಾಮದುರ್ಗದ ಗುಡ್ಡದ ಬುಡದ ಕಲ್ಲುಭೂಮಿಯಲ್ಲಿ ನೀರು ನಿಲ್ಲುವುದೇ ಕಡಿಮೆ. ಅಲ್ಲಿ ಕೊಳವೆಯ ಸುತ್ತ ಎರೆಮಣ್ಣು ತಂದು ತುಂಬುವುದು ಲೇಸು. ಪೇಟೆಯಲ್ಲಿ ಅರ್ಥಿಂಗಿಗೆಂದು ಮಾರುವ ಬೆಂಟೋನೈಟ್ ಪುಡಿಯೂ ನಮ್ಮ ಎರೆಮಣ್ಣಿನ ಜೇಡಿಯೂ ಒಂದೇ ಜಾತಿಯವು. ಉಪ್ಪು ಸುರಿಯುವುದು ಹಳೆಯ ಪದ್ಧತಿ. ಕೊಳವೆಯನ್ನೂ ತಿನ್ನುತ್ತದೆ, ಮಣ್ಣನ್ನೂ ಕೆಡಿಸುತ್ತದೆ.

ಗುಂಡಿ ಚೆನ್ನಾಗಿದ್ದರೂ ಸಾಲದು. ಮೋಟಾರಿನ ಬಳಿ 10 ಓಮ್, ಟಿ.ಸಿ. ಬಳಿ 4 ಓಮ್ ತಡೆ ಇದೆಯೆನ್ನಿ. ಫೇಸ್ ಮೈಗೆ ತಗುಲಿದರೆ ಹರಿಯುವುದು ಸುಮಾರು 17 ಆಂಪಿಯರ್. 20 ಆಂಪಿಯರಿನ ಫ್ಯೂಸ್ ಸುಡುವುದಿಲ್ಲ. ಮೋಟಾರಿನ ಮೈಮೇಲೆ ಸುಮಾರು 170 ವೋಲ್ಟ್ ನಿಂತೇ ಇರುತ್ತದೆ. ಹತ್ತಿರದ ನೆಲಕ್ಕೂ ಕರೆಂಟು ಹರಡುವುದರಿಂದ, ಮುಂಗಾಲು ಹಿಂಗಾಲು ದೂರವಿರುವ ಎತ್ತಿಗೆ ಮನುಷ್ಯನಿಗಿಂತ ಹೆಚ್ಚು ಅಪಾಯ.

ಆದ್ದರಿಂದ 30 ಮಿಲಿ ಆಂಪಿಯರಿಗೆ ಬೀಳುವ ಅರ್ಥ್ ಲೀಕೇಜ್ ಬ್ರೇಕರ್ ಪ್ರತಿ ಪಂಪಿನ ಮನೆಯಲ್ಲೂ ಇರಬೇಕು. 2008ರಿಂದ 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್ಟುಗಳಿಗೆ ಉಚಿತ ವಿದ್ಯುತ್ ಕೊಡುತ್ತಿರುವ ಸರಕಾರ, ಈ ಬ್ರೇಕರಿಗೂ ಸಹಾಯಧನ ಕೊಡಬೇಕೆಂಬುದು ನನ್ನ ಅಭಿಪ್ರಾಯ. ಅದನ್ನು ಹಾಕಿದರೆ ಬಲ್ಬನ್ನು ಅರ್ಥಿಗೆ ಸುತ್ತುವ ಚಾಳಿಯೂ ನಿಲ್ಲುತ್ತದೆ. ಸುತ್ತಿ ಹಚ್ಚಿದ ಕೂಡಲೇ ಬ್ರೇಕರ್ ಬಿದ್ದುಬಿಡುತ್ತದೆ.