ಸೆನ್ಸರ್ ಬದಲಿಸುವ ಮೊದಲು

2020ರ ಏಪ್ರಿಲ್‌ನಲ್ಲಿ ಬಿಎಸ್-6 ಹೊಗೆ ನಿಯಮ ಬಂದ ಮೇಲೆ ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಒಂದು ಮಾತು ಬಲವಾಗಿದೆ: ಸ್ಕ್ಯಾನರ್ ಇಲ್ಲದವರು ಹೊಸ ಗಾಡಿಗೆ ಕೈ ಹಾಕಬಾರದು, ಶಿವಮೊಗ್ಗಕ್ಕೋ ಚಿಕ್ಕಮಗಳೂರಿಗೋ ಕಳಿಸಿಬಿಡಬೇಕು. ಹೀಗನ್ನುವವರ ಎಚ್ಚರಿಕೆಯ ಮೇಲೆ ನನಗೆ ಗೌರವವಿದೆ. ಮಾತನ್ನು ಮಾತ್ರ ಒಪ್ಪಲಾರೆ.

ಅಜ್ಜಂಪುರದಿಂದ ಈರುಳ್ಳಿ ಹೇರಿಕೊಂಡು ಹೊರಟ ಗಾಡಿಯಲ್ಲಿ ಎಂಜಿನ್ ಲೈಟ್ ಹತ್ತಿತು ಎನ್ನಿ. ಸ್ಕ್ಯಾನರ್ ಪಿ0118 ಎನ್ನುತ್ತದೆ. ಕೂಲೆಂಟ್ ಸೆನ್ಸರ್ ಹೋಯಿತೆಂದು ಹೊಸದು ತರಿಸುತ್ತಾರೆ. ಆದರೆ ಆ ಕೋಡ್ ದೂರುವುದು ಇಡೀ ಸರ್ಕ್ಯೂಟನ್ನು. ಸೆನ್ಸರ್ ಒಳಗೇ ಕಡಿದಿರಬಹುದು, ವೈರನ್ನು ಇಲಿ ಕಡಿದಿರಬಹುದು, ಕನೆಕ್ಟರ್ ಪಿನ್ನಿಗೆ ಕಿಲುಬು ಹಿಡಿದಿರಬಹುದು. ಮೂರಕ್ಕೂ ಕೋಡ್ ಒಂದೇ.

ಕೆಲವು ನೂರು ರೂಪಾಯಿಯ ಡಿಜಿಟಲ್ ಮಲ್ಟಿಮೀಟರ್ ಇಲ್ಲಿ ವಿಚಾರಣೆ ಮುಂದುವರಿಸುತ್ತದೆ. ಎರಡು ವೈರಿನ ಆ ಸೆನ್ಸರಿನ ಕನೆಕ್ಟರ್ ಬಿಚ್ಚಿ, ಕೀ ಆನ್ ಮಾಡಿ, ವೈರಿನ ಕಡೆಯ ಎರಡು ಪಿನ್ನುಗಳ ನಡುವೆ ಅಳೆಯಿರಿ. ಸುಮಾರು 5 ವೋಲ್ಟ್ ಬಂದರೆ ವೈರಿಂಗ್ ಬಹುಮಟ್ಟಿಗೆ ಸರಿಯಿದೆ. ಬರದಿದ್ದರೆ ಹೊಸ ಸೆನ್ಸರ್ ಹಾಕಿ ಫಲವಿಲ್ಲ. ಆಮೇಲೆ ಎಂಜಿನ್ ತಣಿದ ಮೇಲೆ ಸೆನ್ಸರ್ ಕಳಚಿ, ಅದರ ತುದಿಯನ್ನು ಪಾತ್ರೆಯ ನೀರಿಗಿಳಿಸಿ ನೀರು ಕಾಯಿಸಿ. ಬಹಳಷ್ಟು ಸೆನ್ಸರುಗಳು 20 ಡಿಗ್ರಿಯಲ್ಲಿ ಎರಡೂವರೆ ಸಾವಿರ ಓಮ್‌ನ ಆಸುಪಾಸು ತೋರಿಸಿ, 80 ಡಿಗ್ರಿಗೆ ಮುನ್ನೂರರ ಹತ್ತಿರ ಇಳಿಯುತ್ತವೆ. ನೀರು ಬಿಸಿಯಾದಂತೆ ಅಂಕಿ ಒಂದೇ ಸಮ ಇಳಿಯುವುದನ್ನು ಒಮ್ಮೆ ಕಣ್ಣಾರೆ ಕಂಡ ಹುಡುಗ ಸೆನ್ಸರೆಂದರೆ ಮತ್ತೆ ಹೆದರುವುದಿಲ್ಲ.

ಬಲ್ಬಿನ ಟೆಸ್ಟ್ ಲ್ಯಾಂಪನ್ನು ಮಾತ್ರ ಸೆನ್ಸರ್ ವೈರಿಗೆ ತಾಗಿಸಬೇಡಿ. ಅದು ಎಳೆಯುವ ಕರೆಂಟು ಎಂಜಿನ್ನಿನ ಕಂಪ್ಯೂಟರಾದ ಇಸಿಯುಗೇ ಅಪಾಯ.

ಮೀಟರಿಗೂ ಮಿತಿಯಿದೆ. ಕ್ರ್ಯಾಂಕ್ ಸೆನ್ಸರ್ ಹಲ್ಲು ಹಲ್ಲಿಗೂ ಕೊಡುವ ಮಿಡಿತ ಮೀಟರಿಗೆ ಕಾಣದು, ಅದನ್ನು ನೋಡಲು ಆಸಿಲೋಸ್ಕೋಪ್ ಬೇಕು. ಗಾಡಿಯ ಕಂಪ್ಯೂಟರುಗಳು ತಮ್ಮೊಳಗೆ ಆಡಿಕೊಳ್ಳುವ ಮಾತಿಗೆ ಸ್ಕ್ಯಾನರೇ ಬೇಕು. ಹಾಗಾಗಿ ಸ್ಕ್ಯಾನರ್ ಕೊಳ್ಳಬೇಡಿ ಎನ್ನುತ್ತಿಲ್ಲ. ಕೊಂಡವರೂ ಮೀಟರನ್ನು ಮೂಲೆಗಿಡಬಾರದು ಎನ್ನುತ್ತಿದ್ದೇನೆ.

ಹಳೆಯ ಮುಳ್ಳಿನ ಮೀಟರನ್ನು ಗುಜರಿಗೆ ಹಾಕಿದವರನ್ನು ಕಂಡರೆ ಬೇಸರವಾಗುತ್ತದೆ. ಬೈಕಿನ ಥ್ರಾಟಲ್ ಸೆನ್ಸರಿನ ಸಿಗ್ನಲ್ ವೈರಿಗೆ ಅದನ್ನು ಹಿಡಿದು ಆಕ್ಸಿಲರೇಟರನ್ನು ಮೆಲ್ಲಗೆ ತಿರುಗಿಸಿ. ಅರ್ಧ ವೋಲ್ಟಿನ ಸುಮಾರಿನಿಂದ ನಾಲ್ಕರ ಆಸುಪಾಸಿಗೆ ಮುಳ್ಳು ತಡೆಯಿಲ್ಲದೆ ಏರಬೇಕು. ಒಳಗಿನ ಪಟ್ಟಿ ಸವೆದ ಜಾಗದಲ್ಲಿ ಅದು ಥಟ್ಟನೆ ಬಿದ್ದು ಏಳುತ್ತದೆ. ಅಗ್ಗದ ಡಿಜಿಟಲ್ ಮೀಟರ್ ಆ ಕ್ಷಣವನ್ನು ಎಷ್ಟೋ ಸಲ ದಾಟಿ ಹೋಗಿರುತ್ತದೆ.