ದಂಡು ಕಟ್ಟುವ ಆಟ

ದಂಡು ಕಟ್ಟುವುದು ಒಂದು ಕಾಲಕ್ಕೆ ಅರಸರ ಕೆಲಸವಾಗಿತ್ತು. ಆನೆ ಕುದುರೆಗಳು ಬೇಕು, ಅವಕ್ಕೆ ಮೇವು ಬೇಕು, ಮೇವಿಗೆ ಬೊಕ್ಕಸ ಬೇಕು. ಈಗ ಆ ಹೊಣೆ ನಮ್ಮ ಮನೆಮಕ್ಕಳ ಹೆಗಲಿಗೇರಿದೆ. ದಾವಣಗೆರೆಯ ಬೇಸಗೆಯ ಮಧ್ಯಾಹ್ನ, ನಾಯಿಯೂ ಬೀದಿಗಿಳಿಯಲು ಹಿಂಜರಿಯುವ ಹೊತ್ತಿನಲ್ಲಿ, ಅವರು ಒಳಮನೆಯಲ್ಲಿ ಕುಳಿತು ಸೈನ್ಯ ಜಮಾಯಿಸುತ್ತಿರುತ್ತಾರೆ.

ರಜೆಗೆಂದು ಹರಿಹರದಿಂದ ಬಂದಿದ್ದ ನನ್ನ ಅಕ್ಕನ ಮಗ ಈ ವಿದ್ಯೆಯನ್ನು ನನಗೂ ಕಲಿಸಿದನು. ಬ್ರೌಸರಿನಲ್ಲಿ ಆಟವನ್ನು ತೆರೆದು ಒಂದು ಹೆಸರು ಬರೆದರೆ ಸಾಕು, ಅಖಾಡಕ್ಕೆ ಪ್ರವೇಶ. ಮೊದಲಿಗೆ ನಾವು ಒಂಟಿ. ನಾಣ್ಯಗಳನ್ನು ಹೆಕ್ಕುತ್ತ ಒಬ್ಬೊಬ್ಬನೇ ಬಂಟನನ್ನು ಕೊಂಡು ದಂಡು ಬೆಳೆಸಬೇಕು. ಎದುರಾಗುವ ದಂಡುಗಳ ಹಿಂದೆ ಯಾವುದೋ ದೇಶದ ಯಾರೋ ಆಟಗಾರರು. ಗೆದ್ದರೆ ಅವರ ನಾಣ್ಯ ನಮ್ಮದು. ಸೋತರೆ ಮತ್ತೆ ಒಂಟಿ.

ಈ ಲೆಕ್ಕ ನಮ್ಮ ಪೂರ್ವಿಕರಿಗೂ ಹೊಸದಲ್ಲ. 1 ರಥ, 1 ಆನೆ, 3 ಕುದುರೆ, 5 ಕಾಲಾಳು ಕೂಡಿದರೆ ಒಂದು ‘ಪತ್ತಿ’ ಎನ್ನುತ್ತದೆ ಮಹಾಭಾರತ. ಮೂರು ಪತ್ತಿಗಳಿಗೆ ಒಂದು ಸೇನಾಮುಖ, ಮೂರು ಸೇನಾಮುಖಗಳಿಗೆ ಒಂದು ಗುಲ್ಮ. ಹೀಗೆಯೇ ಬೆಳೆದು 21,870 ಪತ್ತಿಗಳಾದಾಗ ಅಕ್ಷೌಹಿಣಿ. ಆದರೆ ಅಂಥ ಸೇನೆಯಲ್ಲಿಯೂ, ಭೀಷ್ಮನು ಸೇನಾಪತಿಯಾಗಿರುವವರೆಗೆ ಆಯುಧ ಹಿಡಿಯೆನೆಂದು ಕರ್ಣನು ಹತ್ತು ದಿನ ಮುನಿದು ಕುಳಿತನು. ಈ ಆಟದ ಬಂಟರಲ್ಲಿ ಅಂಥ ಕರ್ಣರಿಲ್ಲ.

“ಇವರು ಎದುರು ಮಾತಾಡೋದೇ ಇಲ್ಲ, ಮಾಮ!” ಎಂದು ಹುಡುಗ ಹಿಗ್ಗಿದನು.

“ನಿಮ್ಮ ಕೇರಿಯ ಕಬಡ್ಡಿ ತಂಡ ಏನಾಯಿತು?” ಎಂದೆನು.

ಅವನ ಮುಖ ಬಾಡಿತು. ನಾಯಕತ್ವಕ್ಕಾಗಿ ಇವನಿಗೂ ಇವನ ಜೀವದ ಗೆಳೆಯನಿಗೂ ಜಗಳವಾಗಿ, ತಂಡ ಒಡೆದು, ತಿಂಗಳಿಂದ ಇಬ್ಬರಿಗೂ ಮಾತಿಲ್ಲವಂತೆ. ಗಳಿಗೆಯೊಳಗೆ ಇಪ್ಪತ್ತು ಬಂಟರನ್ನು ಕೂಡಿಸಬಲ್ಲವನಿಗೆ ಏಳು ಮಂದಿ ಹುಡುಗರು ದೊರೆಯದಾಗಿದ್ದರು.

ಬ್ರೌಸರಿನ ಇಂಥ ಅಖಾಡಗಳಿಗೆ ಹೆಸರು ತಂದುದು 2015ರಲ್ಲಿ ಬ್ರೆಜಿಲಿನ ಮಥೇಯುಸ್ ವಲಡಾರಿಸ್ ಎಂಬ ತರುಣನು ರಚಿಸಿದ ‘ಅಗಾರ್.ಐಓ’. ಅಲ್ಲಿ ಆಟಗಾರನೊಂದು ದುಂಡನೆಯ ಜೀವಕಣ. ಚಿಕ್ಕವರನ್ನು ನುಂಗಿ ದೊಡ್ಡವನಾಗಬೇಕು. ಆದರೂ ಆಡುವವರು ಮಾತಿಲ್ಲದೆಯೇ ಸ್ನೇಹದ ಸಂಜ್ಞೆಯೊಂದನ್ನು ಕಂಡುಕೊಂಡರು: ತನ್ನ ಮೈಯಿಂದಲೇ ಒಂದು ತುಣುಕನ್ನು ಎದುರಿನವನಿಗೆ ಎಸೆಯುವುದು. ತಾನು ಕೊಂಚ ಕಿರಿದಾಗದೆ ಗೆಳೆಯನು ದೊರೆಯನೆಂಬುದು ನುಂಗುವ ಆಟದಲ್ಲಿಯೂ ಸತ್ಯವೇ ಆಯಿತು.

ರಜೆ ಮುಗಿಯುತ್ತ ಬಂದಾಗ ಹುಡುಗನನ್ನು ಮನೆಗೆ ಬಿಡಲು ಹೋದವನು, ಸಂಜೆ ಅವನೊಡನೆ ಹರಿಹರೇಶ್ವರನ ಗುಡಿಗೆ ಹೋದೆನು. ಹೊಯ್ಸಳ ಇಮ್ಮಡಿ ನರಸಿಂಹನ ಕಾಲದಲ್ಲಿ, 1224ರ ಸುಮಾರಿಗೆ, ದಂಡನಾಯಕ ಪೋಲಾಳ್ವನು ಕಟ್ಟಿಸಿದ ಗುಡಿಯದು. ಹರಿಯೊಬ್ಬನಿಂದಾಗಲಿ ಹರನೊಬ್ಬನಿಂದಾಗಲಿ ಸಾವು ಬಾರದೆಂದು ವರ ಪಡೆದು ಮೆರೆದ ಗುಹಾಸುರನನ್ನು ಕೊಲ್ಲಲು ಇಬ್ಬರೂ ಒಂದೇ ಮೈಯಾಗಿ ಬಂದರೆಂಬುದು ಸ್ಥಳಪುರಾಣ. ಬಲಭಾಗ ಹರ, ಎಡಭಾಗ ಹರಿ. ಹುಟ್ಟಿದ ಊರಿನ ಕಥೆಯಾದರೂ ಹುಡುಗ ಅಂದು ಬಹು ಹೊತ್ತು ಮೂರ್ತಿಯನ್ನು ದಿಟ್ಟಿಸಿ ಕೇಳಿದನು: “ಹಂಗಾದ್ರೆ ಇದರಲ್ಲಿ ನಾಯಕ ಯಾರು, ಮಾಮ?”

ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಉತ್ತರವನ್ನು ಅವನೇ ಕಂಡುಕೊಂಡನು. ವಾರದ ಬಳಿಕ ಅಕ್ಕ ಫೋನಿನಲ್ಲಿ ತಿಳಿಸಿದಳು: ಪಂದ್ಯದ ಮೊದಲರ್ಧಕ್ಕೆ ಗೆಳೆಯ ನಾಯಕ, ಎರಡನೆಯ ಅರ್ಧಕ್ಕೆ ಇವನು. ತಾನೇ ಅವನ ಮನೆಗೆ ಹೋಗಿ ಒಪ್ಪಿಸಿ ಬಂದನಂತೆ. ಮೊದಲ ಪಂದ್ಯದಲ್ಲಿ ತಂಡ ಸೋತಿತು; ಆದರೆ ಒಡೆಯಲಿಲ್ಲ.

ಹಣವೊಡ್ಡಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನಿಗೆ 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿಗೆ ನೀಡಿತು. ಹಣದ ಹಂಗಿಲ್ಲದ ಈ ಪುಟ್ಟ ದಂಡುಗಳ ವಿಚಾರ ಮಾತ್ರ ಮನೆಯ ಹಿರಿಯರ ವಿವೇಚನೆಗೆ ಸೇರಿದ್ದು. ಎಷ್ಟು ಹೊತ್ತು ಆಡಿದೆಯೆಂದು ಮಕ್ಕಳನ್ನು ಕೇಳುವುದು ಸರಿಯೇ. ಅದರೊಡನೆ, ನಿನ್ನ ಗೆಳೆಯ ಈಚೆಗೇಕೆ ಮನೆಗೆ ಬರುತ್ತಿಲ್ಲವೆಂದೂ ಒಮ್ಮೆ ಕೇಳಿ ನೋಡಬಾರದೆ?